ಬೆರಳು ತೋರಿಸಿ ಕೂಗುವ ಊರು

ಬೊಮ್ಮಸಂದ್ರ

ನಾನು ಜಪಾನಿಗೆ ಹೋಗಿಬಂದ ಮೇಲೆ ಚಂದಾಪುರದ ನಮ್ಮ ಬೀದಿಯವರು ಕೇಳುವುದು ಎರಡೇ ಪ್ರಶ್ನೆ. ಬುಲೆಟ್ ರೈಲು ಹತ್ತಿದೆಯಾ? ಹಾವು ತಿಂದೆಯಾ? ಎರಡೂ ಇಲ್ಲ. ನಾನಿದ್ದ ಊರು ಚಿಕ್ಕದು, ಬುಲೆಟ್ ರೈಲು ಅದರ ಪಕ್ಕದಲ್ಲೇ ಹಾದುಹೋದರೂ ನಿಲ್ಲುತ್ತಿರಲಿಲ್ಲ. ಇನ್ನು ಊಟ ಅಂದರೆ ಒಂದು ಭಾನುವಾರ ಬಿಟ್ಟು ಮೂರು ವಾರವೂ ಅನ್ನ, ಮೊಸರು, ಹೆಂಡತಿ ಕಟ್ಟಿಕೊಟ್ಟ ಚಟ್ನಿಪುಡಿ. ಇಷ್ಟು ಹೇಳಿದರೆ ಜನ ಬೇಜಾರಾಗಿ ಎದ್ದು ಹೋಗುತ್ತಾರೆ. ಹೋಗದೆ ಕೂತವರಿಗೆ ಉಳಿದದ್ದನ್ನು ಹೇಳುತ್ತೇನೆ.

ನನ್ನ ಹೆಸರು ಮುನಿರಾಜು. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಪಿನ ಶಾಫ್ಟು ಕಡೆಯುತ್ತಿದ್ದೇನೆ. ಕಂಪನಿಯವರು ಜಪಾನಿನಿಂದ ಹೊಸ ಯಂತ್ರ ತರಿಸಲು ಹೊರಟಾಗ ಅಲ್ಲಿಯವರು ಒಂದು ಷರತ್ತು ಹಾಕಿದರು. ನಮ್ಮಲ್ಲೊಬ್ಬ ಅಲ್ಲಿಗೆ ಹೋಗಿ ಮೂರು ವಾರ ಕಲಿಯಬೇಕು, ಕಲಿತ ಎಂದು ಅವರ ಉಸ್ತಾದರಿಂದ ಸಹಿ ಹಾಕಿಸಿಕೊಂಡು ಬರಬೇಕು. ಮ್ಯಾನೇಜರ್ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದರು.

"ಮುನಿರಾಜು, ಸೈನ್ ತಗೊಂಡ್ ಬಂದ್ರೆ ಲೈನ್ ಇನ್‌ಚಾರ್ಜ್ ನೀವೇ. ಬರ್ಲಿಲ್ಲ ಅಂದ್ರೆ ಮಷಿನ್ ಪೀಣ್ಯ ಯೂನಿಟ್ಟಿಗೆ ಹೋಗುತ್ತೆ. ಆಮೇಲೆ ನಿಮ್ ಲೈನಿನ ಆರು ಜನಾನ ನಾನೆಲ್ಲಿ ಹಾಕ್ಲಿ, ನೀವೇ ಹೇಳಿ."

"ಪ್ರಾಬ್ಲಂ ಇಲ್ಲ ಸಾರ್," ಎಂದೆ. ಇಪ್ಪತ್ತೆರಡು ವರ್ಷದಿಂದ ನಾನು ಎಲ್ಲದಕ್ಕೂ ಹೇಳುತ್ತಾ ಬಂದ ಮಾತು ಅದು.

ಪ್ರಾಬ್ಲಂ ಇತ್ತು. ನನಗೆ ಕೆಂಪು ಯಾವುದು, ಹಸಿರು ಯಾವುದು ತಿಳಿಯುವುದಿಲ್ಲ. ಎರಡೂ ಹಳೇ ತುಪ್ಪದ ಬಣ್ಣವಾಗಿ ಕಾಣುತ್ತವೆ. ದೀಪದ ಹಳದಿಯೂ ಇವರಿಬ್ಬರ ಪಕ್ಕ ಬಂದು ನಿಂತರೆ ಅದೇ ಮನೆಯವನಂತೆ ಕಾಣುತ್ತಾನೆ. ಮೂರನೇ ಕ್ಲಾಸಿನಲ್ಲಿ ಮಾವಿನೆಲೆಗೆ ಕೆಂಪು ಬಳಿದು ಮೇಷ್ಟ್ರ ಕೈಲಿ ಪೆಟ್ಟು ತಿಂದೆ, ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ ಯಾರಿಗೂ ಹೇಳಿರಲಿಲ್ಲ, ಹೆಂಡತಿ ಗೌರಮ್ಮನಿಗೂ ಕೂಡ.

ಮುಚ್ಚಿಡುವುದು ಕಷ್ಟವೇನೂ ಆಗಿರಲಿಲ್ಲ. ನಮ್ಮ ಹಳೇ ಯಂತ್ರಗಳ ತಲೆಯ ಮೇಲೆ ಮೂರು ದೀಪ ಒಂದರ ಮೇಲೊಂದು ಕೂತಿರುತ್ತವೆ. ಮೇಲಿನದು ಕೆಂಪು, ಕೆಳಗಿನದು ಹಸಿರು, ನಡುವಿನದು ಹಳದಿ. ಜಾಗ ನೋಡಿಕೊಂಡರೆ ಸಾಕು. ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಂತೂ ದೀಪವನ್ನೇ ನೋಡಬೇಕಾಗಿಲ್ಲ, ಹಿಂದಿನವನು ಹಾರನ್ ಹೊಡೆದಾಗ ಹೊರಟರಾಯಿತು. ಕಾರ್ಖಾನೆಗೆ ವರ್ಷಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು, ಅದರಲ್ಲಿ ಅಡಗಿರುವ ಅಂಕಿ ಓದಿ ಎನ್ನುತ್ತಾರೆ. ಪ್ರತಿ ವರ್ಷವೂ ಅದೇ ಪುಸ್ತಕ, ಅದೇ ಪುಟ. ಮುಂದೆ ನಿಂತವರು ಹೇಳುವುದನ್ನು ಕೇಳಿ ಕೇಳಿ ನನಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು. ಒಂದು ಸಲ ಡಾಕ್ಟರು ಪುಟ ತಿರುಗಿಸುವ ಮೊದಲೇ ಮುಂದಿನ ಅಂಕಿ ಹೇಳಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಆದರೆ ಹೊರಗೆ ಇನ್ನೂ ಎಂಬತ್ತು ಜನ ಕಾಯುತ್ತಿದ್ದರು.

ರೈಲಿನ ಡ್ರೈವರು

ಜಪಾನಿನಲ್ಲಿ ನನ್ನನ್ನು ಕರೆದುಕೊಳ್ಳಲು ಬಂದವಳು ಸೆಲ್ವಿ, ನನ್ನ ದುಭಾಷಿ. ಹೊಸೂರಿನವಳು, ಅಂದರೆ ನಮ್ಮ ಮನೆಯಿಂದ ಅರ್ಧ ಗಂಟೆ ದೂರದವಳು. ಅಲ್ಲಿ ಹತ್ತು ವರ್ಷದಿಂದ ಗಂಡನ ಜೊತೆ ನೆಲೆಸಿದ್ದಾಳೆ. ತಮಿಳು, ಕನ್ನಡ, ಜಪಾನಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ, ಆ ಉಸಿರಿನಲ್ಲಿ ಕನ್ನಡದ ಹಕಾರ ಆಗಾಗ ಹಾರಿಹೋಗುತ್ತದೆ. "ಬಾಂಗ ಅಣ್ಣಾ, ಅತ್ತಿಬೆಲೆ ಟ್ರಾಫಿಕ್ ಈಗ್ಲೂ ಅಂಗೇ ಐತಾ?" ಎಂದಳು. ಅಲ್ಲಿಗೆ ನನ್ನ ಅರ್ಧ ಭಯ ಹೋಯಿತು.

ಊರಿಗೆ ಹೋಗುವ ಪುಟ್ಟ ರೈಲಿನಲ್ಲಿ ಡ್ರೈವರಿನ ಬೆನ್ನ ಹಿಂದೆಯೇ ನಿಂತಿದ್ದೆವು, ನಡುವೆ ಗಾಜು ಮಾತ್ರ. ಬಿಳಿ ಕೈಗವಸು ಹಾಕಿಕೊಂಡಿದ್ದ ಆ ಮನುಷ್ಯ ಒಳಗೆ ಒಬ್ಬನೇ ಇದ್ದ. ಇದ್ದಕ್ಕಿದ್ದಂತೆ ತೋಳು ಚಾಚಿ, ಮುಂದಿನ ಕಂಬಕ್ಕೆ ಬೆರಳು ತೋರಿಸಿ ಏನೋ ಕೂಗಿದ. ಸ್ವಲ್ಪ ಹೊತ್ತಿಗೆ ಗಡಿಯಾರಕ್ಕೆ ಬೆರಳು ತೋರಿಸಿ ಕೂಗಿದ. ಆಮೇಲೆ ಖಾಲಿ ಹಳಿಗೆ ತೋರಿಸಿ ಕೂಗಿದ.

"ಯಾರ ಜೊತೆ ಜಗಳ ಆಡ್ತಿದಾನಮ್ಮ?" ಎಂದು ಕೇಳಿದೆ.

ಸೆಲ್ವಿ ನಕ್ಕಳು. "ಜಗಳ ಇಲ್ಲ ಅಣ್ಣಾ. ಇಲ್ಲಿ ಕೆಲ್ಸ ಮಾಡೋರು ಇಂಗೇ. ಏನು ನೋಡ್ತಾರೋ ಅದಕ್ಕೆ ಬೆರಳು ತೋರ್ಸಿ, ಕಂಡಿದ್ದನ್ನ ಬಾಯ್ಬಿಟ್ಟು ಹೇಳ್ಬೇಕು. ದೀಪ ಹಸಿರು, ಸರಿ! ಬಾಗ್ಲು ಮುಚ್ಚಿದೆ, ಸರಿ! ಆಗ ಕಣ್ಣು ತಪ್ಪಾಗಲ್ಲ. ಕೊನೇಲಿ 'ಯೋಶಿ' ಅಂತಾರಲ್ಲ, ಅದೇ ಸರಿ ಅನ್ನೋದು."

ನಮ್ಮ ಬಸ್ಸಿನ ಡ್ರೈವರುಗಳೂ ದಿನವಿಡೀ ಬೆರಳು ತೋರಿಸಿ ಕೂಗುತ್ತಾರೆ, ಆದರೆ ಅದು ಆಟೋದವರಿಗೆ. ಹಾಗೆಂದು ನಾನೂ ನಕ್ಕೆ. ಎರಡು ಸ್ಟೇಷನ್ ದಾಟಿದ ಮೇಲೆ ನಗು ನಿಂತಿತು. ಇಲ್ಲಿ ಕೆಲಸ ಮಾಡುವವರೆಲ್ಲ ಹೀಗೆ ಎಂದಳಲ್ಲ. ಅಂದರೆ ನಾನೂ ದೀಪದ ಬಣ್ಣ ಕೂಗಿ ಹೇಳಬೇಕು!

ಕಿಮುರಾ ಅವರ ಅಂಗಳ

ನನ್ನ ಉಸ್ತಾದರ ಹೆಸರು ಕಿಮುರಾ. ಅರವತ್ತು ದಾಟಿದ ಸಣಕಲು ಮನುಷ್ಯ. ಚಹಾದ ಲೋಟ ಮೇಜಿನ ಮೇಲಿಟ್ಟರೆ ಅದಕ್ಕೂ ಬೆರಳು ತೋರಿಸಿ ಯೋಶಿ ಎನ್ನುವವರು. ಹೊಸ ಯಂತ್ರದ ಮುಂದೆ ನಿಂತ ಕೂಡಲೇ ದೀಪ ಹುಡುಕಿದೆ. ಅದರ ತಲೆಯ ಮೇಲೆ ಮೂರು ದೀಪ ಇರಲಿಲ್ಲ. ಒಂದೇ ಒಂದು ಉದ್ದನೆಯ ದೀಪವಿತ್ತು, ಅದೇ ಬಣ್ಣ ಬದಲಿಸುತ್ತಿತ್ತು. ಮೇಲೆ, ಕೆಳಗೆ, ನಡುವೆ ಎಂಬ ನನ್ನ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು.

ಕಿಮುರಾ ದೀಪಕ್ಕೆ ಬೆರಳು ತೋರಿಸಿ ಏನೋ ಹೇಳಿದರು. "ದೀಪ ನೀಲಿ, ಸರಿ, ಅಂತಿದಾರೆ," ಎಂದಳು ಸೆಲ್ವಿ.

ನೀಲಿಯೇ? ನೀಲಿಯೊಂದನ್ನು ಮಾತ್ರ ನಾನು ಜೀವನದಲ್ಲಿ ಎಂದೂ ತಪ್ಪಿದವನಲ್ಲ. ನನಗೆ ಅಲ್ಲಿ ಕಂಡದ್ದು ಅದೇ ಹಳೇ ತುಪ್ಪ. ಉಳಿದಿದ್ದ ಒಂದು ಬಣ್ಣವೂ ಕೈಬಿಟ್ಟಿತಲ್ಲ ಎಂದು ಬೆವತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸೆಲ್ವಿ ಬಿಡಿಸಿ ಹೇಳಿದಳು. ದೀಪ ಹಸಿರೇ, ಆದರೆ ಈ ಜನ ಸಿಗ್ನಲ್ಲಿನ ಹಸಿರನ್ನು ತಲತಲಾಂತರದಿಂದ ನೀಲಿ ಎಂದೇ ಕರೆಯುತ್ತಾರಂತೆ. ಇಡೀ ದೇಶವೇ ಹಸಿರನ್ನು ನೀಲಿ ಎಂದುಕೊಂಡು ನೆಮ್ಮದಿಯಾಗಿದೆ ಎಂದು ತಿಳಿದ ಮೇಲೆ ನನಗೆ ಜಪಾನಿನ ಮೇಲೆ ಅಕ್ಕರೆ ಹುಟ್ಟಿತು.

ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರೂ ಅಂಗಳದಲ್ಲಿ ದುಂಡಗೆ ನಿಲ್ಲುತ್ತಿದ್ದರು. ಒಬ್ಬೊಬ್ಬರೂ ತಮ್ಮ ಎದೆಗೇ ಬೆರಳು ತೋರಿಸಿಕೊಂಡು, ಇವತ್ತು ತಾನು ಹೇಗಿದ್ದೇನೆಂದು ವರದಿ ಒಪ್ಪಿಸಬೇಕು. ಯಂತ್ರವನ್ನು ಪರೀಕ್ಷಿಸುವ ಹಾಗೆಯೇ! ಒಬ್ಬ ಹೇಳಿದ: ನಿದ್ದೆ ಸರಿಯಾಗಲಿಲ್ಲ, ಮಧ್ಯಾಹ್ನದ ಮೇಲೆ ನನಗೆ ಭಾರದ ಕೆಲಸ ಬೇಡ. ಇನ್ನೊಬ್ಬಳು: ಮಂಡಿ ನೋವಿದೆ. ಇಷಿದಾ ಎಂಬ ಹಿರಿಯ ಪ್ರತಿದಿನವೂ ಒಂದೇ ಮಾತು ಹೇಳುತ್ತಿದ್ದ: ನನ್ನ ಎಡಗಿವಿ ಕೇಳಿಸುವುದಿಲ್ಲ, ಕರೆಯುವವರು ಬಲಗಡೆಯಿಂದ ಕರೆಯಿರಿ. ಎಲ್ಲರೂ ಬಾಗಿ, ಯೋಶಿ ಎನ್ನುತ್ತಿದ್ದರು. ಪಾಪ ಎನ್ನುವವರೂ ಇಲ್ಲ, ಮುಸಿಮುಸಿ ನಗುವವರೂ ಇಲ್ಲ.

ನಮ್ಮಲ್ಲಿ ಮಂಡಿ ನೋವು ಎಂದರೆ ಮಾರನೇ ದಿನ ನಿಮ್ಮ ಹೆಸರು ಮಂಡಿ. ಆಮೇಲೆ ನಿವೃತ್ತಿಯವರೆಗೂ ಅದೇ ಹೆಸರು. ನನ್ನ ಸರದಿ ಬಂದಾಗ ಎದೆ ಮುಟ್ಟಿಕೊಂಡು, "ನೋ ಪ್ರಾಬ್ಲಂ, ಯೋಶಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ.

ಕೊಡೆ

ಎರಡನೇ ವಾರ ಮಳೆ ಹಿಡಿಯಿತು. ಕಾರ್ಖಾನೆಯ ಬಾಗಿಲಲ್ಲಿ ಕೊಡೆ ಇಡುವ ಬುಟ್ಟಿಯಿತ್ತು. ಸಂಜೆ ನನ್ನ ಕಂದು ಕೊಡೆ ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಮಕ್ಕಳು ನಿಂತು ನೋಡಿದವು, ಒಬ್ಬ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೀಸೆಯನ್ನು ಮೆಚ್ಚಿಕೊಂಡರು ಎಂದುಕೊಂಡು ನಾನೂ ಮೀಸೆ ತೀಡಿ ನಕ್ಕೆ. ಮರುದಿನ ಗೊತ್ತಾಯಿತು, ನಾನು ತಂದದ್ದು ಲೆಕ್ಕಪತ್ರ ವಿಭಾಗದ ಹೆಂಗಸಿನ ಅಚ್ಚ ಕೆಂಪು ಕೊಡೆ, ಅಂಚಿಗೆಲ್ಲ ಜಾಲರಿ. ಆಕೆ ಮಳೆಯಲ್ಲಿ ನೆನೆದು ಮನೆಗೆ ಹೋಗಿದ್ದಳು. ನಾನು ಕ್ಷಮೆ ಕೇಳುವ ಮೊದಲೇ, ಕೊಡೆಗೆ ಗುರುತು ಕಟ್ಟದೆ ಇಟ್ಟದ್ದು ತನ್ನ ತಪ್ಪೆಂದು ಆಕೆಯೇ ಮೂರು ಸಲ ಬಾಗಿದಳು. ನಾನೂ ಬಾಗಿದೆ. ಯಾರು ಮೊದಲು ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯದೆ ಸುಮಾರು ಹೊತ್ತು ಬಾಗುತ್ತಲೇ ಇದ್ದೆವು.

ಶುಕ್ರವಾರ

ಮೊದಲ ವಾರ ಹೇಗೋ ಸಾಗಿತ್ತು. ಕಿಮುರಾ ಮೊದಲು ಕೂಗುತ್ತಿದ್ದರು, ಭಜನೆಯಂತೆ ನಾನು ಹಿಂದೆ ಕೂಗುತ್ತಿದ್ದೆ. ಎರಡನೇ ವಾರದಿಂದ ನಾನೊಬ್ಬನೇ ಕೂಗಬೇಕಾಯಿತು. ಯಂತ್ರ ಓಡುವ ಸದ್ದಿದ್ದರೆ ದೀಪ ಹಸಿರು. ಅದು ನಿಂತಾಗಲೇ ಪೇಚಾಟ. ಹಳದಿಯಾದರೆ ಕೆಲಸ ಮುಗಿದಿದೆ, ಬಾಗಿಲು ತೆಗೆಯಬಹುದು. ಕೆಂಪಾದರೆ ಒಳಗೇನೋ ಕೆಟ್ಟಿದೆ, ಮುಟ್ಟಬಾರದು. ನಿಂತದ್ದೆಲ್ಲ ಹಳದಿ ಎಂದು ಕೂಗುತ್ತಾ ನಾಲ್ಕು ದಿನ ದಾಟಿಸಿದೆ.

ಶುಕ್ರವಾರ ಯಂತ್ರ ನಿಂತಿತು. ತೋಳು ಚಾಚಿ, "ಹಳದಿ, ಯೋಶಿ!" ಎಂದು ಗಂಟಲು ಹರಿಯುವಂತೆ ಕೂಗಿ ಬಾಗಿಲು ಎಳೆದೆ. ಕಲಿಕೆಗೆಂದು ಬಾಗಿಲಿನ ಬೀಗ ಬಿಚ್ಚಿಟ್ಟಿದ್ದರು. ಒಳಕ್ಕೆ ಚಾಚಿದ ನನ್ನ ಮಣಿಕಟ್ಟನ್ನು ಕಿಮುರಾ ಹಿಡಿದು ಹಿಂದಕ್ಕೆ ಎಳೆದರು. ಆ ಸಣಕಲು ಮೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ! ಯಂತ್ರದ ಒಳಗಿನ ಉಕ್ಕಿನ ಕೈ ಶಾಫ್ಟಿನ ತುಂಡನ್ನು ಕಚ್ಚಿಕೊಂಡೇ ಇತ್ತು, ನನ್ನ ಕಣ್ಣೆದುರೇ ಆ ತುಂಡು ಜಾರಿ ಧಡ್ ಎಂದು ಬಿತ್ತು. ನನ್ನ ಬೆರಳುಗಳು ಅಲ್ಲಿರಬೇಕಾಗಿತ್ತು.

ಕಿಮುರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಮಗೆ ಅದು ಅಭ್ಯಾಸ. ಮೆಲ್ಲಗೆ ಏನೋ ಹೇಳಿದರು. ಅದನ್ನು ಕನ್ನಡಕ್ಕೆ ತರುವಾಗ ಸೆಲ್ವಿ ನನ್ನ ಮುಖ ನೋಡಲಿಲ್ಲ. "ನೋಡದೇ ಕೂಗೋ ಮನುಷ್ಯನಿಗೆ ನಾನು ಸೈನ್ ಹಾಕಕ್ಕಾಗಲ್ಲ ಅಂತಿದಾರೆ ಅಣ್ಣಾ. ಸೋಮವಾರ ನಿಮ್ಮ ಕಂಪನಿಗೆ ಬರೀತಾರಂತೆ."

ಮೆಣಸಿನಕಾಯಿ

ಭಾನುವಾರ ಸೆಲ್ವಿ ತನ್ನ ಮನೆಗೆ ಊಟಕ್ಕೆ ಕರೆದಳು. ನನಗೆ ಊಟ ಬೇಕಾಗಿರಲಿಲ್ಲ. ಲೈನಿನ ಆರು ಜನರ ಮುಖಗಳು ಸಾಲಾಗಿ ಬಂದು ಎದುರು ನಿಲ್ಲುತ್ತಿದ್ದವು. ಎರಡು ದಿನದಿಂದ ಹೊಸ ಸುಳ್ಳುಗಳನ್ನು ಹೆಣೆಯುತ್ತಿದ್ದೆ, ತಲೆ ಸುತ್ತು ಬಂತು ಎನ್ನಲೇ, ಜ್ವರ ಎನ್ನಲೇ ಎಂದು.

"ಸಾರಿಗೆ ಒಗ್ಗರಣೆ ಆಕ್ತೀನಿ. ಬಾಲ್ಕನೀಲಿ ಗಿಡ ಐತೆ, ಕೆಂಪಗೆ ಅಣ್ಣಾಗಿರೋ ಮೆಣಸಿನಕಾಯಿ ಮಾತ್ರ ನಾಕು ಕಿತ್ಕೊಂಡ್ ಬನ್ನಿ," ಎಂದಳು. ಟೊಮೇಟೊ ಆಗಿದ್ದರೆ ಒತ್ತಿ ನೋಡಿ ತರುತ್ತಿದ್ದೆ. ಮೆಣಸಿನಕಾಯಿಯನ್ನು ಒತ್ತಿ ಏನು ತಿಳಿಯುವುದು? ಸಿಕ್ಕ ನಾಲ್ಕನ್ನು ಕಿತ್ತು ಕೈಗಿಟ್ಟೆ.

ಸೆಲ್ವಿ ಅಂಗೈ ನೋಡಿದಳು, ನನ್ನನ್ನು ನೋಡಿದಳು, ಒಲೆ ಆರಿಸಿದಳು. "ಅಣ್ಣಾ, ನಾಕೂ ಅಸಿರು. ನಮ್ಮ ಮಾವ ಒಬ್ರು ಇಂಗೇ. ನಿಮ್ಗೆ ಬಣ್ಣ ಗೊತ್ತಾಗಲ್ಲ, ಅಲ್ವಾ?"

ಮೂರನೇ ಕ್ಲಾಸಿನ ನಂತರ ಯಾರೂ ನನ್ನನ್ನು ಹಾಗೆ ನೇರವಾಗಿ ಕೇಳಿರಲಿಲ್ಲ. ಹೌದೆಂದು ತಲೆ ಆಡಿಸಿದೆ.

"ಮತ್ತೆ ಕಿಮುರಾ ಅವ್ರು ನೀವು ನೋಡದೇ ಕೂಗಿದ್ರಿ ಅಂದ್ಕೊಂಡವ್ರಲ್ಲ! ನೀವು ನೋಡೇ ಕೂಗಿದ್ದು. ನಾನು ಫೋನ್ ಮಾಡಿ ಏಳ್ಲಾ?"

"ಬೇಡಮ್ಮ. ಕುರುಡ ಅನ್ನಿಸ್ಕೊಳ್ಳೋದಕ್ಕಿಂತ ಸೋಮಾರಿ ಅನ್ನಿಸ್ಕೊಂಡು ಹೋಗ್ತೀನಿ."

ಸೆಲ್ವಿಗೆ ಸಿಟ್ಟು ಬಂತು. "ನಿಮ್ ಕೈ ಓಗಿದ್ರೆ? ನಾಳೆ ನಿಮ್ಮನ್ನ ನಂಬ್ಕೊಂಡು ಪಕ್ಕದಲ್ಲಿ ನಿಂತ್ಕೊಳೋನ ಕೈ ಓದ್ರೆ? ಅದನ್ನೂ ಬಾಯ್ಪಾಟ ಮಾಡಿ ಏಳ್ತೀರಾ?"

ತಿರುಗಿ ಒಲೆ ಹಚ್ಚಿದಳು. ಹಸಿರು ಮೆಣಸಿನಕಾಯಿಯ ಒಗ್ಗರಣೆಯ ಸಾರನ್ನೇ ಉಂಡೆವು.

ಸೋಮವಾರ

ಬೆಳಿಗ್ಗೆ ದುಂಡಗೆ ನಿಂತೆವು. ಇಷಿದಾ ಎಡಗಿವಿಯ ಮಾತು ಹೇಳಿದ, ಎಲ್ಲರೂ ಯೋಶಿ ಎಂದರು. ಮುಂದಿನ ಸರದಿ ನನ್ನದು. ಎದೆಯ ಕಡೆ ಹೊರಟ ಬೆರಳನ್ನು ಮೇಲೆತ್ತಿ ನನ್ನ ಕಣ್ಣಿಗೆ ತೋರಿಸಿದೆ.

"ಈ ಕಣ್ಣಿಗೆ ಕೆಂಪು, ಹಸಿರು, ಹಳದಿ ಮೂರೂ ಒಂದೇ," ಎಂದೆ. "ಹುಟ್ಟಿದಾಗಿನಿಂದ ಹೀಗೆ. ಶುಕ್ರವಾರ ನಾನು ನೋಡಿದೆ, ಬಣ್ಣ ತಿಳಿಯದೆ ಊಹಿಸಿ ಕೂಗಿದೆ. ಇಪ್ಪತ್ತೆರಡು ವರ್ಷದಿಂದ ಮುಚ್ಚಿಟ್ಟಿದ್ದೆ, ಅದು ತಪ್ಪು."

ಸೆಲ್ವಿ ಅದನ್ನು ಜಪಾನಿಯಲ್ಲಿ ಹೇಳಿ ಮುಗಿಸಿದಳು. ಎಲ್ಲರೂ ಬಾಗಿ, "ಯೋಶಿ!" ಎಂದರು. ನಂತರ ಮಂಡಿ ನೋವಿನ ಹೆಂಗಸು ತನ್ನ ಮಂಡಿಯ ವಿಷಯ ಶುರು ಮಾಡಿದಳು. ಅಷ್ಟೇ. ಜೀವಮಾನವೆಲ್ಲ ಹೆದರಿದ ಗಳಿಗೆ ಒಂದು ಮಂಡಿಯ ಮುಂದೆ ಹಾಗೇ ಕಳೆದುಹೋಯಿತು.

ಕಿಮುರಾ ನನ್ನನ್ನು ಯಂತ್ರದ ಬಳಿ ಕರೆದೊಯ್ದರು. ಪರದೆಯ ಮೇಲೆ ಎರಡು ಬಾರಿ ಒತ್ತಿ, ಮೂರನೇ ಪುಟ ತೆರೆದು, ಒಂದು ಚೌಕದಲ್ಲಿ ಗುರುತು ಹಾಕಿದರು. ಓಡುವಾಗ ದೀಪ ಸುಮ್ಮನೆ ಉರಿಯಿತು. ಕೆಲಸ ಮುಗಿದಾಗ ನಿಧಾನ ಮಿನುಗಿತು. ಕೆಟ್ಟರೆ ಪಟಪಟನೆ ಬಡಿದುಕೊಂಡಿತು. ನನ್ನಂಥವರಿಗೆಂದೇ ಆ ಏರ್ಪಾಡನ್ನು ಮೊದಲೇ ಮಾಡಿಟ್ಟಿದ್ದರು. ಅರ್ಧ ನಿಮಿಷದ ಕೆಲಸ! ನಾನು ಇಪ್ಪತ್ತೆರಡು ವರ್ಷ ಬೆವತದ್ದನ್ನು ನೆನೆದು ನಗು ಬಂತು, ನಗುತ್ತಾ ಅಳುವೂ ಬಂತು. ಕಿಮುರಾ ಪಾಪ ಗಾಬರಿಯಾಗಿ ಕಾಗದದ ಕರವಸ್ತ್ರದ ಇಡೀ ಪೆಟ್ಟಿಗೆಯನ್ನೇ ಕೊಟ್ಟರು.

ಆಮೇಲಿನ ದಿನಗಳಲ್ಲಿ ನಾನು ಬೇರೆಯೇ ಮನುಷ್ಯನಾದೆ. ಹಿಂದೆ ಅರ್ಧ ಬುದ್ಧಿ ಮುಚ್ಚಿಡುವುದಕ್ಕೇ ಖರ್ಚಾಗುತ್ತಿತ್ತು. ಈಗ ಪೂರ್ತಿ ಬುದ್ಧಿ ಕೆಲಸಕ್ಕೆ ಸಿಕ್ಕಿತು. ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಕೇಳತೊಡಗಿದೆ. ಸಾಕು ಎಂದು ಕಿಮುರಾ ಕೈಮುಗಿಯುವ ಮಟ್ಟಿಗೆ ಕೇಳಿದೆ. ಸಹಿ ಸಿಕ್ಕಿತು. ಆದರೆ ಪ್ರಮಾಣಪತ್ರದಲ್ಲಿ ಸಹಿಯ ಮೇಲೆಯೇ ಒಂದು ಸಾಲು ಸೇರಿಸಿದ್ದರು: ಇವರಿಗೆ ದೀಪದ ಬಣ್ಣ ತಿಳಿಯುವುದಿಲ್ಲ, ಮಿನುಗುವ ದೀಪದಲ್ಲಿಯೇ ಕೆಲಸ ಮಾಡತಕ್ಕದ್ದು.

"ಆ ಒಂದು ಲೈನ್ ಬಿಡಬಹುದಾ ಕೇಳಮ್ಮ," ಎಂದೆ ಸೆಲ್ವಿಗೆ.

ಕಿಮುರಾ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. "ಮಷಿನ್ ಜೊತೆ ಅದರ ಪುಸ್ತಕ ಕೊಡ್ತೀವಲ್ಲ, ನಿಮ್ದೂ ಅಂಗೇ ಅಂತಾರೆ," ಎಂದಳು ಸೆಲ್ವಿ.

ಅವತ್ತು ಗೌರಮ್ಮನಿಗೂ ಫೋನಿನಲ್ಲಿ ಹೇಳಿದೆ. ಕನಿಕರಪಡುತ್ತಾಳೆ ಎಂದುಕೊಂಡಿದ್ದೆ.

"ಅಂದ್ರೆ," ಎಂದಳು, "ಇಷ್ಟು ವರ್ಷ ನಾನು ಸೀರೆ ಉಟ್ಕೊಂಡ್ ಬಂದಾಗೆಲ್ಲ 'ಬಣ್ಣ ಸಕ್ಕತ್ತಾಗಿದೆ ಕಣೇ' ಅಂತಿದ್ರಲ್ಲ, ಅದೆಲ್ಲಾ ಸುಳ್ಳಾ?"

ಮತ್ತೆ ಬೊಮ್ಮಸಂದ್ರ

ಹೊಸ ಯಂತ್ರ ಶೆಡ್ಡಿಗೆ ಬಂದ ದಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆದೆವು. ಆಮೇಲೆ ಲೈನಿನ ಆರು ಜನರನ್ನು ದುಂಡಗೆ ನಿಲ್ಲಿಸಿದೆ. ಮ್ಯಾನೇಜರ್ ಸಾಹೇಬರು ಪ್ರಮಾಣಪತ್ರ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅವರಿನ್ನೂ ಅದನ್ನು ಓದಿರಲಿಲ್ಲ. ನಾನೇ ಅವರ ಕೈಯಿಂದ ತೆಗೆದುಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ಡಾಕ್ಟರ ಪುಸ್ತಕದ ಕಥೆಯನ್ನೂ, ದೀಪ ಮಿನುಗಿಸುವ ಸೆಟ್ಟಿಂಗಿನ ವಿಷಯವನ್ನೂ ಹೇಳಿದೆ. ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಗಂಟಿಕ್ಕಿತು. ಇನ್ನು ಮೇಲೆ ನನ್ನ ಹೆಸರು ಏನಾಗುತ್ತದೋ ಎಂದು ನಾನು ಕಾಯುತ್ತಿದ್ದೆ.

ಆಗ ಮಲ್ಲಪ್ಪ ಕೈ ಎತ್ತಿದ. ಯಾದಗಿರಿ ಕಡೆಯವನು, ನಾಲ್ಕು ವರ್ಷದಿಂದ ನಮ್ಮ ಐದನೇ ಮಷಿನ್ನು ಓಡಿಸುತ್ತಿರುವ ಒಳ್ಳೆಯ ಕೆಲಸಗಾರ.

"ನಂದೂ ಒಂದ್ ಐತ್ರೀ ಅಣ್ಣಾರ," ಎಂದ. ಕಿವಿಯವರೆಗೂ ಮುಖ ಬೆವತಿತ್ತು. "ನನಗ ಇಂಗ್ಲಿಷ್ ಓದಾಕ ಬರೂದಿಲ್ರೀ. ಸ್ಕ್ರೀನ್ ಮ್ಯಾಲ ಏನ್ ಬರದೈತಿ, ಒಂದಕ್ಷರಾನೂ ತಿಳ್ಯಾಂಗಿಲ್ಲ. ಆರನೇ ಮಷಿನ್ನಿನ ರಮೇಶ ಏನ್ ಒತ್ತತಾನ, ಅದನ್ನ ನೋಡಿ ನಾನೂ ಒತ್ತತೇನಿ."

ರಮೇಶ ಆನೇಕಲ್ಲಿನವನು. ಅವನ ಬಾಯಿ ಬಿಟ್ಟುಕೊಂಡಿತು.

"ಅಯ್ಯೋ ಗುರು! ನಾನು ನಿನ್ನ ನೋಡ್ಕೊಂಡು ಒತ್ತುತಿದ್ನಲ್ಲೋ!"

ನಕ್ಕು ನಕ್ಕು ನಮಗೆ ನಿಲ್ಲಲಾಗಲಿಲ್ಲ. ಸಾಹೇಬರು ಮಾತ್ರ ನಗಲಿಲ್ಲ. ಮಲ್ಲಪ್ಪನೂ ನಗಲಿಲ್ಲ. ಅವನು ಅವರನ್ನೇ ನೋಡುತ್ತಿದ್ದ. "ಸಾಹೇಬ್ರ, ಈಗ ನನ್ನ ಕೆಲಸದಿಂದ ತಗೀತೀರೇನ್ರೀ?" ಎಂದು ಕೇಳಿದ.

ಸಾಹೇಬರು ನನ್ನ ಕೈಯಲ್ಲಿದ್ದ ಪ್ರಮಾಣಪತ್ರವನ್ನು ತೆಗೆದುಕೊಂಡು ಆ ಸಾಲನ್ನು ತಾವೇ ಇನ್ನೊಮ್ಮೆ ಓದಿದರು. ಆಮೇಲೆ, "ಮುನಿರಾಜು, ಆ ಸೆಟ್ಟಿಂಗ್ಸಲ್ಲಿ ಕನ್ನಡ ಇದ್ಯಾ ನೋಡ್ರೀ," ಎಂದರು.

ಹುಡುಕಿದೆ, ಇರಲಿಲ್ಲ. ಬಿಳಿ ಟೇಪು ತರಿಸಿ, ಕತ್ತರಿಸಿ, ಒಂದೊಂದು ಬಟನ್ನಿನ ಪಕ್ಕಕ್ಕೂ ಅಂಟಿಸಿ ಕನ್ನಡದಲ್ಲಿ ಬರೆದೆ. ಪರದೆಯ ಮೇಲೆ ಬರುವ ಮಾತುಗಳ ಅರ್ಥ ನಾನು ಹೇಳುತ್ತಾ ಹೋದಂತೆ ರಮೇಶ ರಟ್ಟಿನ ಮೇಲೆ ಪಟ್ಟಿ ಬರೆದು ಪಕ್ಕದಲ್ಲಿ ನೇತುಹಾಕಿದ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಊಟಕ್ಕೆ ಯಾರೂ ಹೋಗಲಿಲ್ಲ. ಮಲ್ಲಪ್ಪ ಹೊಸ ಯಂತ್ರದ ಮುಂದೆ ಬಂದು ನಿಂತ. ಒಂದೊಂದಕ್ಕೂ ಬೆರಳು ತೋರಿಸಿ, ಪಕ್ಕದ ಶೆಡ್ಡಿಗೂ ಕೇಳಿಸುವ ಹಾಗೆ ಓದುತ್ತಾ ಹೋದ. "ನಿಲ್ಲು! ಹಿಡಿ! ಬಾಗಿಲು! ನಡಿ!"

ನಡಿ ಎಂಬ ಬಟನ್ನನ್ನು ಒತ್ತಿದ. ರಮೇಶನ ಕಡೆ ತಿರುಗಿಯೂ ನೋಡಲಿಲ್ಲ.